ದಾಸೋಹ ಹಳೆಯದು, ಹಸಿವು ಹೊಸದು

ಶಿರಾ ದಾಟಿ ಹಿರಿಯೂರಿನ ಕಡೆಗೆ ಬರುವ ಹೆದ್ದಾರಿಯಲ್ಲಿ ಸಿಗುವ ಜವನಗೊಂಡನಹಳ್ಳಿ ನಮ್ಮ ಸದ್ಭಕ್ತರಲ್ಲಿ ಬಹುತೇಕರಿಗೆ ಪರಿಚಿತವಾದ ಊರು. ಆ ಹೋಬಳಿಯ ಒಂದು ಗ್ರಾಮದಲ್ಲಿ ಈಚೆಗೆ ಸೇವಾ ಸಮಿತಿಯೊಂದರ ಸಭೆ ಸೇರಿತ್ತು. ಆ ಸಮಿತಿಯ ಹೆಸರು ಇಲ್ಲಿ ಬೇಡ. ಹಿಂದಿನವರು ಊರೂರು ತಿರುಗಿ, ಕಾಳುಕಡ್ಡಿ ಕೂಡಿಸಿ ಕಟ್ಟಿದ ಒಂದು ಚಿಕ್ಕ ಉಚಿತ ವಿದ್ಯಾರ್ಥಿನಿಲಯ ಅವರದು. ಜಾತ್ರೆಯ ಕಾಲಕ್ಕೆ ಭಕ್ತರಿಂದ ಒಂದಿಷ್ಟು ಹಣ ಕೂಡಿತ್ತು. ಅದನ್ನು ಯಾವುದಕ್ಕೆ ವಿನಿಯೋಗಿಸಬೇಕು ಎಂಬುದೇ ಅಂದಿನ ಚರ್ಚೆ. ಊರ ಬಾಗಿಲಿಗೆ ಮಹಾದ್ವಾರ ಕಟ್ಟಿಸೋಣ ಎಂದರು ಕೆಲವರು. ಸಮುದಾಯ ಭವನದ ಮೇಲೆ ಇನ್ನೊಂದು ಅಂತಸ್ತು ಆಗಲಿ ಎಂದರು ಮತ್ತೆ ಕೆಲವರು. ಮಾತು ಮಧ್ಯಾಹ್ನದವರೆಗೂ ಬೆಳೆಯಿತು.

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಪಟ್ಟಣದಲ್ಲಿ ಓದಿ ಊರಿಗೆ ಮರಳಿದವಳು. 'ಬುದ್ಧೀ, ಒಂದು ಮಾತು ಕೇಳಬಹುದೇ? ನಮ್ಮ ವಿದ್ಯಾರ್ಥಿನಿಲಯದಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ? ಹಿಂದಿಗಿಂತ ಕಡಿಮೆ ಆಗಿದ್ದರೆ ಯಾಕೆ ಕಡಿಮೆ ಆದರು?' ಎಂದಳು. ಸಭೆಯಲ್ಲಿ ಯಾರಿಗೂ ಲೆಕ್ಕ ತಿಳಿದಿರಲಿಲ್ಲ. ಹಿರಿಯರೊಬ್ಬರು, 'ತಾಯೀ, ಹಿಂದಿನಿಂದ ನಡೆದುಬಂದದ್ದು ನಡೀತಾ ಇದೆ. ಅದರ ಮಾತು ಈಗ್ಯಾಕೆ?' ಎಂದು ಅವಳನ್ನು ಕೂರಿಸಿದರು. ಅವಳು ಕುಳಿತಳು. ನಾವೂ ಸುಮ್ಮನಿದ್ದೆವು. ಸಭೆ ಮುಗಿದು ಹಿಂದಿರುಗುವಾಗ ಆ ಮೌನವೇ ನಮ್ಮನ್ನು ಕಾಡಿತು. ಕೇಳಬೇಕಾದ ಪ್ರಶ್ನೆಯನ್ನು ಆ ಮಗಳು ಕೇಳಿದ್ದಳು. ಉತ್ತರ ಹುಡುಕಬೇಕಾದ ನಾವು ಬಾಯಿ ಮುಚ್ಚಿಕೊಂಡಿದ್ದೆವು. ಇದು ಒಂದು ಊರಿನ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಲಾಭದ ಆಸೆಯಿಲ್ಲದೆ, ಭಕ್ತರ ಕಾಣಿಕೆಯ ಮೇಲೆ ನಡೆಯುವ ನಮ್ಮ ಬಹುಪಾಲು ಮಠ, ಸಂಘ, ಟ್ರಸ್ಟು, ಸೇವಾ ಸಮಿತಿಗಳ ಕಥೆಯೂ ಇದೇ ಆಗುತ್ತಿದೆ.

ಸೇವಾ ಸಂಸ್ಥೆಗಳಲ್ಲಿ ಹೊಸತನ ಬೆಳೆಯಬೇಕು ಎಂದು ಇಂದಿನ ದಿನಮಾನಗಳಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಹೊಸತೆಂದರೆ ಹಳೆಯದನ್ನು ಕಿತ್ತೊಗೆಯುವುದು, ಪರರ ರೀತಿಯನ್ನು ತಂದು ಹೇರುವುದು ಎಂಬ ಭಾವನೆ ಅವರದು. ಆದರೆ ಇಂದು ನಾವು ಪರಂಪರೆ ಎಂದು ಕೈಮುಗಿಯುವ ಅನೇಕ ಕಾರ್ಯಗಳು ಅವುಗಳ ಕಾಲದಲ್ಲಿ ಹೊಚ್ಚ ಹೊಸವಾಗಿದ್ದವು ಎಂಬುದನ್ನು ನಾವು ಮರೆತಿದ್ದೇವೆ. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಗೆ ಅಡಿಪಾಯ ಹಾಕಿದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ಕಟ್ಟಿದರು. ಮಠಕ್ಕೆ ಸ್ವಾಮಿಯಾಗುವವನಿಗೆ ಕ್ರಮವಾದ ಶಿಕ್ಷಣ ಬೇಕು, ಅದಕ್ಕೊಂದು ಶಾಲೆ ಬೇಕು ಎಂಬ ವಿಚಾರ ಅಂದಿಗೆ ಹೊಸದು.

ಅದೇ ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಬಾಲಕನ ಕಂಠವನ್ನು ಗುರುತಿಸಿ ಸಂಗೀತ ಕಲಿಸಿದರು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಕೈಗೆ ಭಿಕ್ಷಾಪಾತ್ರೆಯ ಬದಲು ತಂಬೂರಿ, ಹಾರ್ಮೋನಿಯಂ, ತಬಲಾ ಕೊಟ್ಟರು. ಆಶ್ರಮದ ಒಲೆ ಉರಿಯಲು ಹಣ ಸಾಲದಾದಾಗ ನಾಟಕ ಕಂಪನಿಯನ್ನೇ ಕಟ್ಟಿಕೊಂಡು ಊರೂರು ತಿರುಗಿದರು. ಸ್ವಾಮಿಗಳಿಗೆ ನಾಟಕದ ಗೊಡವೆ ಏಕೆ ಎಂದು ಅವರು ಹಿಂಜರಿದಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತು?

ಸಿದ್ಧಗಂಗೆಯಲ್ಲಿ 1917ರಲ್ಲಿ ಉದ್ದಾನ ಶಿವಯೋಗಿಗಳು ಬಡ ಮಕ್ಕಳಿಗೆ ಅನ್ನ, ಆಶ್ರಯ ಕೊಟ್ಟು ಪಾಠ ಹೇಳಿಸುವ ಕಾರ್ಯ ಆರಂಭಿಸಿದರು. ನಮ್ಮ ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಊರೂರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆಸಿದರು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಗಂಟು ಕಟ್ಟಿಟ್ಟಿದ್ದ ವಚನದ ಓಲೆಗರಿಗಳನ್ನು ಅರಸಿ ತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಪೂಜೆಗೆ ಇಟ್ಟಿದ್ದ ಗ್ರಂಥವನ್ನು ಓದುವವರ ಕೈಗೆ ಕೊಟ್ಟರು. ಇವರೆಲ್ಲರಲ್ಲಿ ಒಂದು ಸಾಮ್ಯವಿದೆ. ಹಿಂದಿನವರು ಏನು ಮಾಡಿದ್ದರೋ ಅದನ್ನೇ ಮಾಡುತ್ತ ಕೂರಲಿಲ್ಲ. ತಮ್ಮ ಕಾಲದಲ್ಲಿ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದ ಹಸಿವು ಯಾವುದೆಂದು ಹುಡುಕಿದರು. ಕೆಲವರಿಗೆ ಅದು ಅನ್ನದ ಹಸಿವಾಗಿ ಕಂಡಿತು, ಕೆಲವರಿಗೆ ಅಕ್ಷರದ ಹಸಿವಾಗಿ, ಇನ್ನು ಕೆಲವರಿಗೆ ಕಣ್ಣಿಲ್ಲದವನ ಬಾಳಿನ ಹಸಿವಾಗಿ. ದಾಸೋಹದ ತತ್ತ್ವ ಹಳೆಯದು, ಬಡಿಸಿದ ಅಡಿಗೆ ಮಾತ್ರ ಹೊಸದು.

ಈಗ ನಮ್ಮ ಕಾಲದ ಹಸಿವನ್ನು ನೋಡೋಣ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಆ ಯೋಜನೆಗೆ 'ಅಕ್ಷರ ದಾಸೋಹ' ಎಂದೇ ಹೆಸರಿಟ್ಟರು. ಶರಣರ ಮಾತು ಸರ್ಕಾರದ ಕಡತಕ್ಕೆ ಸೇರಿತು ಎಂದು ನಾವು ಹಿಗ್ಗಬೇಕು. 2013ರಲ್ಲಿ ಅನ್ನಭಾಗ್ಯ ಬಂದಿತು. 2023ರಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದಿತು. ಹಿಂದೆ ಊರಿನ ಹುಡುಗ ಓದಬೇಕಾದರೆ ಮಠದ ಪ್ರಸಾದ ನಿಲಯ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಇಂದು ಸರ್ಕಾರದ ವಸತಿ ನಿಲಯಗಳಿವೆ, ವಸತಿ ಶಾಲೆಗಳಿವೆ. ಹಾಗೆಂದು ಉಚಿತ ಪ್ರಸಾದ ನಿಲಯಗಳ ಕಾಲ ಮುಗಿಯಿತು ಎಂದು ನಾವು ಹೇಳುತ್ತಿಲ್ಲ. ಸಿದ್ಧಗಂಗೆಯಂಥ ಕಡೆ ಇಂದಿಗೂ ಸಾವಿರಾರು ಮಕ್ಕಳು ಉಣ್ಣುತ್ತಿದ್ದಾರೆ, ಓದುತ್ತಿದ್ದಾರೆ. ಆದರೆ ಪ್ರತಿಯೊಂದು ಊರಿನ ಸಮಿತಿಯೂ 'ನಮ್ಮ ಊರಲ್ಲಿ ಈಗ ಉಳಿದಿರುವ ಹಸಿವು ಯಾವುದು?' ಎಂದು ಹೊಸದಾಗಿ ಕೇಳಿಕೊಳ್ಳಬೇಕಾದ ಕಾಲವಿದು.

ಕೇಳಿಕೊಂಡರೆ ಉತ್ತರ ಕಣ್ಣೆದುರಿಗೇ ಇದೆ. ಹತ್ತನೆಯ ತರಗತಿಯ ಹುಡುಗನಿಗೆ ಅನ್ನವಿದೆ, ಗಣಿತ ಹೇಳಿಕೊಡುವವರಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಉಳಿದ ಮುದುಕ ಮುದುಕಿಯರಿಗೆ ಪಿಂಚಣಿ ಬರುತ್ತದೆ, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ. ಹುಡುಗರ ಕೈಯಲ್ಲಿ ಮೊಬೈಲು ಇದೆ, ಕೈಗೆ ಕೆಲಸವಿಲ್ಲ. ದುಡಿದ ಹಣ ಸಂಜೆಯ ಹೊತ್ತಿಗೆ ಸೆರೆಯಂಗಡಿಗೆ ಸೇರುವ ಮನೆಗಳಿವೆ. ಶೇಂಗಾ, ಈರುಳ್ಳಿ ಬೆಳೆದ ರೈತ ಮಳೆಯನ್ನೂ ದರವನ್ನೂ ಏಕಕಾಲಕ್ಕೆ ಕಾಯುತ್ತಾನೆ. ಇವು ಯಾವುವೂ ಮಹಾದ್ವಾರದಿಂದ ನೀಗುವ ಹಸಿವುಗಳಲ್ಲ.

ಹೊಸ ಹಾದಿ ಹಿಡಿದವರನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಒಂದು ಸಣ್ಣ ಹಳ್ಳಿ. ಅಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನು ಆರಂಭಿಸಿದರು. ಸಿರಿಗೆರೆಯ ಹಿರಿಯ ಗುರುಗಳಾದ ಶಿವಕುಮಾರ ಶಿವಾಚಾರ್ಯರು ತಾವೇ ನಾಟಕಗಳನ್ನು ಬರೆದವರು. ಗಂಟೆಗಟ್ಟಲೆಯ ಉಪನ್ಯಾಸ ತಲುಪದ ಕಡೆಗೆ ರಂಗಭೂಮಿ ತಲುಪುತ್ತದೆ ಎಂಬ ಅರಿವು ಆ ಪರಂಪರೆಯಲ್ಲೇ ಇತ್ತು. ಕಲಾಸಂಘದ ಹತ್ತು ವರ್ಷದ ಅನುಭವದ ಮೇಲೆ 1997ರಲ್ಲಿ 'ಶಿವಸಂಚಾರ' ಎಂಬ ತಿರುಗಾಟದ ನಾಟಕ ತಂಡ ಹೊರಟಿತು. ವರ್ಷಕ್ಕೆ ಮೂರು ನಾಟಕ ಕಲಿತು, ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ಆಡಿ, ಬಳಿಕ ನಾಡಿನ ಊರೂರಿಗೆ ಹೋಗುವ ಕ್ರಮ ಅದು. ಕಲಾವಿದರಿಗೆ ಸಂಬಳ ಉಂಟು. 2008ರಲ್ಲಿ ರಂಗಪ್ರಯೋಗಶಾಲೆಯೂ ಸೇರಿಕೊಂಡಿತು. ಹಳ್ಳಿಯ ಮಠವೊಂದು ಗ್ರೀಕ್ ಮಾದರಿಯ ಬಯಲು ರಂಗಮಂದಿರ ಕಟ್ಟಿ ದೇಶದ ಕಲಾವಿದರನ್ನು ಬರಮಾಡಿಕೊಂಡಿತು. ಇಲ್ಲಿ ನಾವು ಗಮನಿಸಬೇಕಾದದ್ದು ರಂಗಮಂದಿರದ ಗಾತ್ರವನ್ನಲ್ಲ. ಸಂಘಕ್ಕೂ ಸಂಚಾರಕ್ಕೂ ನಡುವೆ ಹತ್ತು ವರ್ಷ ಕಾದ ತಾಳ್ಮೆಯನ್ನು. ಮೊದಲು ಒಂದು ಊರಿನಲ್ಲಿ ಪ್ರಯೋಗ, ಅದು ಬೇರೂರಿದ ಮೇಲೆ ನಾಡಿಗೆ ಪ್ರಯಾಣ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 1996ರಲ್ಲಿ ಅವರು ದೇಹ ಬಿಟ್ಟರು. ಅನಾಥಸೇವಾಶ್ರಮವನ್ನು ಕಟ್ಟಿ, ಭಿಕ್ಷೆಯಿಂದ ಅದನ್ನು ನಡೆಸಿ, ತಮ್ಮನ್ನು 'ತಿರುಕ' ಎಂದೇ ಕರೆದುಕೊಂಡರು. ಯೋಗವೆಂದರೆ ಗುಹೆಯ ಸಾಧಕರ ಸೊತ್ತು ಎಂದು ಜನ ತಿಳಿದಿದ್ದ ಕಾಲದಲ್ಲಿ ಹಳ್ಳಿಯ ಸಾಮಾನ್ಯರಿಗೆ ಯೋಗಾಸನದ ಶಿಬಿರ ನಡೆಸಿದರು, ಆಯುರ್ವೇದದ ಔಷಧಿ ಕೊಟ್ಟರು. ಬೊಕ್ಕಸ ತುಂಬಿದ ಮೇಲೆ ಸೇವೆ ಆರಂಭಿಸೋಣ ಎಂದು ಅವರು ಕಾಯುತ್ತ ಕೂತಿದ್ದರೆ ಮಲ್ಲಾಡಿಹಳ್ಳಿಯ ಹೆಸರು ತಾಲ್ಲೂಕಿನಾಚೆಗೆ ತಿಳಿಯುತ್ತಿರಲಿಲ್ಲ.

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ಸೇರುತ್ತದೆ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ವಿರಸ, ಇಂಥವುಗಳನ್ನು ಹೊತ್ತು ಜನ ಅಲ್ಲಿಗೆ ಬರುತ್ತಾರೆ. ಗುರುವಿನ ಮುಂದೆ ವ್ಯಾಜ್ಯ ಹೇಳಿಕೊಳ್ಳುವುದು ಹಳೆಯ ರೂಢಿ. ಅದಕ್ಕೆ ಗೊತ್ತಾದ ದಿನ, ಗೊತ್ತಾದ ಕ್ರಮ, ಬರಹದ ದಾಖಲೆ ಕೊಟ್ಟದ್ದು ಹೊಸತನ. ಅದೇ ಪೀಠ ಶರಣರ ವಚನಗಳನ್ನು ಮೊಬೈಲಿನಲ್ಲಿ ಓದಲು ಸಿಗುವಂತೆಯೂ ಮಾಡಿದೆ. ಹಳಕಟ್ಟಿಯವರು ಓಲೆಯಿಂದ ಕಾಗದಕ್ಕೆ ತಂದದ್ದು ಈಗ ಕಾಗದದಿಂದ ಹುಡುಗರ ಅಂಗೈಗೆ ಬಂದಿದೆ.

ಇಳಕಲ್ಲಿನ ಮಹಾಂತ ಸ್ವಾಮಿಗಳ ಹೊಸತನಕ್ಕಂತೂ ಒಂದು ಜೋಳಿಗೆಯ ಹೊರತು ಬೇರೆ ಖರ್ಚೇ ಇರಲಿಲ್ಲ. ಜಂಗಮನ ಜೋಳಿಗೆಗೆ ಜನ ಹಿಟ್ಟು, ಕಾಳು, ಕಾಸು ಹಾಕುವುದು ರೂಢಿ. ಅವರು ಮನೆಮನೆಗೆ ಹೋಗಿ, 'ನಿಮ್ಮ ಕುಡಿತ, ಬೀಡಿ, ತಂಬಾಕು, ಜೂಜು ಇದರಲ್ಲಿ ಹಾಕಿರಿ' ಎಂದು ಬೇಡಿದರು. ಅದೇ 'ಮಹಾಂತ ಜೋಳಿಗೆ'ಯಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆ ಅದೇ, ಬೇಡಿದ ಭಿಕ್ಷೆ ಬೇರೆ. ನಾವು ಹೇಳಬೇಕೆಂದಿರುವ ಹೊಸತನವನ್ನು ಇದಕ್ಕಿಂತ ಸರಳವಾಗಿ ವಿವರಿಸಲು ಸಾಧ್ಯವಿಲ್ಲ.

ಸಣ್ಣದೊಂದು ಪ್ರಯೋಗ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇನ್ನೊಂದು ನಿದರ್ಶನ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು ಮತ್ತು ಬ್ಯಾಂಕುಗಳು ಸೇರಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ನಿರುದ್ಯೋಗಿ ಯುವಕರಿಗೆ ಊಟ ವಸತಿ ಕೊಟ್ಟು, ಕೆಲವು ವಾರಗಳ ಕಸುಬಿನ ತರಬೇತಿ ಕೊಟ್ಟು, ಬಳಿಕ ಬ್ಯಾಂಕಿನ ಸಾಲಕ್ಕೆ ಜೊತೆಯಾಗುವ ವ್ಯವಸ್ಥೆ ಅದು. ಚಿತ್ರದುರ್ಗದಲ್ಲಿಯೂ ಅದರ ಕೇಂದ್ರವಿದೆ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಹಿಡಿದು, ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ತರಬೇತಿ ಸಂಸ್ಥೆಗಳನ್ನು ತೆರೆಸಿತು. ಲಾಭ ಬಯಸದ ಸಂಸ್ಥೆ ಹೊಸ ದಾರಿ ತುಳಿದು ತೋರಿಸಿದರೆ ಸರ್ಕಾರವೇ ಆ ದಾರಿಯಲ್ಲಿ ಬರುತ್ತದೆ.

ಹಾಗಾದರೆ ನಮ್ಮ ಊರುಗಳ ಸಮಿತಿಗಳಲ್ಲಿ ಇದು ಏಕೆ ಆಗುತ್ತಿಲ್ಲ? ಮೊದಲನೆಯ ಕಾರಣ ದಾನಿಗಳ ಮನಸ್ಸು. ಕೊಟ್ಟ ಹಣಕ್ಕೆ ಕಲ್ಲಿನ ಮೇಲೆ ಹೆಸರು ಬರಬೇಕು ಎಂಬ ಆಸೆ. ಕಟ್ಟಡಕ್ಕೆ ಕಲ್ಲು ಹಾಕಬಹುದು, ಸಂಜೆಯ ಗಣಿತ ಪಾಠಕ್ಕೆ ಎಲ್ಲಿ ಕಲ್ಲು ಹಾಕುವುದು? ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಕೊಡಬೇಕೆಂಬ ಕಾನೂನು 2014ರಿಂದ ಜಾರಿಯಲ್ಲಿದೆ. ಆ ಹಣ ಕೇಳಲು ಹೋದವರಲ್ಲಿಯೂ ಹಲವರು ಕಟ್ಟಡದ ನಕ್ಷೆಯನ್ನೇ ಹಿಡಿದು ಹೋಗುತ್ತಾರೆ. ಎರಡನೆಯದು ಭಯ. ಮಾಡಿದ್ದು ಕೈಗೂಡದಿದ್ದರೆ ಮಠದ ಹೆಸರಿಗೆ ಕುಂದು ಬರುತ್ತದೆ ಎಂಬ ಅಂಜಿಕೆ. ಮೂರನೆಯದು, ಯಾರಿಗಾಗಿ ಸಂಸ್ಥೆ ಇದೆಯೋ ಅವರು ಸಭೆಯಲ್ಲಿ ಇರುವುದಿಲ್ಲ. ವಿದ್ಯಾರ್ಥಿನಿಲಯದ ಸಭೆಯಲ್ಲಿ ವಿದ್ಯಾರ್ಥಿ ಇಲ್ಲ, ತಾಯಂದಿರಿಲ್ಲ. ನಾಲ್ಕನೆಯದು ಲೆಕ್ಕದ ರೀತಿ. ಎಷ್ಟು ಖರ್ಚಾಯಿತು ಎಂಬುದನ್ನು ಪೈಸೆ ಪೈಸೆಗೆ ಬರೆದಿಡುತ್ತೇವೆ. ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಬರೆಯುವ ಪುಸ್ತಕವೇ ನಮ್ಮಲ್ಲಿಲ್ಲ.

ಹಿರಿಯರ ಎಚ್ಚರಿಕೆಯಲ್ಲಿ ಸತ್ಯವಿಲ್ಲ ಎಂದು ನಾವು ಹೇಳುವುದಿಲ್ಲ. ಭಕ್ತರ ಕಾಣಿಕೆ ಪವಿತ್ರವಾದದ್ದು. ಹೊಟ್ಟೆ ಕಟ್ಟಿ ಕೊಟ್ಟ ಹತ್ತು ರೂಪಾಯಿಯನ್ನು ಯಾರದೋ ಹುಚ್ಚು ಹಂಬಲಕ್ಕೆ ಸುರಿಯುವ ಅಧಿಕಾರ ಯಾರಿಗೂ ಇಲ್ಲ. ಹೊಸತನದ ಹೆಸರಿನಲ್ಲಿ ತಂದಿಟ್ಟ ಕಂಪ್ಯೂಟರುಗಳು ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತಿರುವುದನ್ನು ನಾವೇ ಕಂಡಿದ್ದೇವೆ. ಅಲ್ಲಿ ತಪ್ಪಿದ್ದು ಎಲ್ಲಿ? ಕಲಿಸುವವರು ಯಾರು, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ಕೇಳದೆ ಪೆಟ್ಟಿಗೆ ತಂದದ್ದರಲ್ಲಿ. ಹೊಸತನ್ನು ಕೊಳ್ಳುವುದು ಸುಲಭ, ಹೊಸತನ್ನು ನಡೆಸುವುದು ಕಷ್ಟ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ತಿಳಿದದ್ದೇ. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಅಂದಿನ ಕಾಯಕಕ್ಕೆ ಮೀರಿದ್ದು ಎಂದು ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಆಕೆ ಅಳತೆ ತಿಳಿದಿದ್ದಳು. ತಮಗೆ ಬೇಕಾದದ್ದು ಎಷ್ಟು ಎಂಬ ಲೆಕ್ಕ ಆಕೆಯ ಬಳಿ ಇತ್ತು. ಹೊಸ ಕಾರ್ಯಕ್ಕೆ ಕೈಹಾಕುವ ಸಂಸ್ಥೆಗೂ ಅಂಥ ಅಳತೆಯೇ ಬೇಕು. ಕೂಡಿದ ಹಣದಲ್ಲಿ ನೂರಕ್ಕೆ ಐದನ್ನೋ ಹತ್ತನ್ನೋ ಮಾತ್ರ ಹೊಸ ಪ್ರಯತ್ನಕ್ಕೆ ತೆಗೆದಿಡಬಹುದು. ಯಾರಿಗಾಗಿ, ಏನು ಆಗಬೇಕು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ವರ್ಷ ನಡೆಸಿ ನೋಡಬೇಕು. ವರ್ಷದ ಕೊನೆಗೆ ಜಾತ್ರೆಯ ಸಭೆಯಲ್ಲಿ, ಆದದ್ದನ್ನೂ ಆಗದ್ದನ್ನೂ ಎಲ್ಲರೆದುರು ಓದಬೇಕು. ಫಲ ಕೊಟ್ಟರೆ ಮುಂದುವರಿಸಬೇಕು, ಕೊಡದಿದ್ದರೆ ನಾಚಿಕೆಯಿಲ್ಲದೆ ನಿಲ್ಲಿಸಬೇಕು. ಬಿತ್ತಿದ ಬೀಜವೆಲ್ಲ ಮೊಳೆಯದು ಎಂದು ರೈತ ಬಿತ್ತನೆ ಬಿಡುತ್ತಾನೆಯೇ? ಒಂದು ಮೂಲೆಯಲ್ಲಿ ಹೊಸ ತಳಿ ಹಾಕಿ ನೋಡುತ್ತಾನೆ. ಇಡೀ ಹೊಲವನ್ನು ಪಣಕ್ಕೆ ಇಡುವುದಿಲ್ಲ, ಹಳೆಯ ತಳಿಗೇ ಜೋತು ಬೀಳುವುದೂ ಇಲ್ಲ.

ನಮ್ಮ ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರವನ್ನು ನೆನೆಯಿರಿ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಆ ಕಟ್ಟೆ 1933ರಲ್ಲಿ ಕೋಡಿ ಹರಿದಿತ್ತು. ಆಮೇಲೆ 89 ವರ್ಷ ಕಾದು, 2022ರಲ್ಲಿ ಮತ್ತೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ. ಅಜ್ಜಂದಿರಿಂದ ಕೇಳಿದ್ದನ್ನು ಕಣ್ಣಾರೆ ಕಂಡೆವೆಂದು ಮುದುಕರು ಕೈಮುಗಿದು ನಿಂತರು. ಆದರೆ ಕಟ್ಟೆ ಗಟ್ಟಿಯಾಗಿ, ನೀರು ತುಂಬಿ ನಿಂತರೆ ಸಾಕೇ? ತೂಬು ಬಿಗಿದಿದ್ದರೆ, ಕಾಲುವೆಯಲ್ಲಿ ಹೂಳು ತುಂಬಿದ್ದರೆ ಕೊನೆಯ ಹೊಲಕ್ಕೆ ಹನಿಯೂ ಬಾರದು. ಹಿಂದಿನವರು ಕಟ್ಟಿಕೊಟ್ಟ ಸಂಸ್ಥೆ ಒಂದು ಕಟ್ಟೆ. ಭಕ್ತರ ವಿಶ್ವಾಸ ಅದರ ನೀರು. ಕಾಲಕಾಲಕ್ಕೆ ಹೂಳು ತೆಗೆದು, ಬೇಕಾದ ಕಡೆಗೆ ಹೊಸ ಕಾಲುವೆ ತೋಡುವುದು ಇಂದಿನವರ ಪಾಲಿನ ಕಾಯಕ.

ಆ ಸಭೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಹದಿನೈದು ದಿನ ಕಳೆದು ನಾವೇ ಆ ಸಮಿತಿಯವರನ್ನು ಮತ್ತೆ ಸೇರಿಸಿದೆವು. ಸಭೆಗೆ ಮೊದಲು ವಿದ್ಯಾರ್ಥಿನಿಲಯಕ್ಕೆ ಹೋಗಿ ಮಕ್ಕಳ ಜೊತೆ ಕುಳಿತು ಪ್ರಸಾದ ಸ್ವೀಕರಿಸಿದೆವು. 'ಏನು ಬೇಕಪ್ಪಾ?' ಎಂದು ಕೇಳಿದರೆ ಒಬ್ಬನೂ ಊಟದ ಮಾತು ಎತ್ತಲಿಲ್ಲ. 'ಬುದ್ಧೀ, ರಾತ್ರಿ ಓದೋಕೆ ಒಂದೇ ದೀಪ. ಲೆಕ್ಕ ಬರಲಿಲ್ಲ ಅಂದ್ರೆ ಕೇಳೋಕೆ ಯಾರೂ ಇಲ್ಲ' ಎಂದ ಒಬ್ಬ ಹುಡುಗ. ಇದೇ ಕಾರಣಕ್ಕೆ ತನ್ನ ಗೆಳೆಯ ಬಿಟ್ಟು ಹೋದನೆಂದೂ ಹೇಳಿದ. ಆ ಹೆಣ್ಣುಮಗಳ ಪ್ರಶ್ನೆಗೆ ಅವನ ಬಾಯಲ್ಲಿ ಉತ್ತರ ಸಿಕ್ಕಿತು. ಇಷ್ಟು ದಿನ ಆ ಉತ್ತರ ನಮ್ಮಿಂದ ಕೂಗಳತೆಯ ದೂರದಲ್ಲೇ ಇತ್ತು, ಕೇಳುವವರು ಇರಲಿಲ್ಲ.

ಸಭೆಯಲ್ಲಿ ಬಹಳ ಮಾತಾಯಿತು. ಕೊನೆಗೆ ಮಹಾದ್ವಾರವನ್ನು ಒಂದು ವರ್ಷ ಮುಂದಕ್ಕೆ ಹಾಕುವುದೆಂದೂ, ನಿವೃತ್ತರಾದ ಇಬ್ಬರು ಉಪಾಧ್ಯಾಯರಿಂದ ವಾರಕ್ಕೆ ಮೂರು ಸಂಜೆ ಗಣಿತ, ವಿಜ್ಞಾನ ಹೇಳಿಸುವುದೆಂದೂ, ಊರಿನ ಇತರ ಮಕ್ಕಳೂ, ಹೆಣ್ಣುಮಕ್ಕಳೂ ಅದಕ್ಕೆ ಬರಬಹುದೆಂದೂ ತೀರ್ಮಾನವಾಯಿತು. ಲೆಕ್ಕ ಬರೆಯುವ ಹೊಣೆ ಆ ಹೆಣ್ಣುಮಗಳದು. ಎಲ್ಲರೂ ಒಪ್ಪಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಂದು ಅವಳನ್ನು ಕೂರಿಸಿದ ಹಿರಿಯರು ಇಂದಿಗೂ ಮಹಾದ್ವಾರವೇ ಆಗಬೇಕಿತ್ತು ಎನ್ನುತ್ತಾರೆ. ಒಂದು ಸಂಜೆ ಪಾಠದ ಹೊತ್ತಿಗೆ ಬಂದು ಕೂರಿರಿ ಎಂದು ಅವರನ್ನು ಕೇಳಿಕೊಂಡಿದ್ದೇವೆ. ಫಲ ಏನಾಗುವುದೋ ಪರೀಕ್ಷೆಯ ಬಳಿಕ ತಿಳಿಯುತ್ತದೆ. ಒಳ್ಳೆಯದಾದರೂ ಆಗದಿದ್ದರೂ ಮುಂದಿನ ಜಾತ್ರೆಯಲ್ಲಿ ಅದನ್ನು ಓದಿ ಹೇಳುವುದು ನಮ್ಮ ಕರ್ತವ್ಯ.

ಸಂಸ್ಥೆಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ನೀವು ಕಟ್ಟಿದ್ದೀರಿ, ಕಾಪಾಡಿದ್ದೀರಿ. ಆ ಋಣ ದೊಡ್ಡದು. ಮುಂದಿನ ಸಭೆಯಲ್ಲಿ ಹಣದ ಮಾತಿಗೆ ಮೊದಲು, ಈಗಿನ ಹಸಿವು ಯಾವುದು ಎಂದು ಕೇಳಿರಿ. ಕೇಳಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತ ಅತ್ಯಂತ ಕಿರಿಯರಿಗೆ ಮೊದಲು ಮಾತನಾಡಲು ಬಿಡಿರಿ. ತೀರ್ಮಾನ ನಿಮ್ಮದೇ ಇರಲಿ, ಪ್ರಶ್ನೆ ಅವರದಾಗಲಿ. ಊರಿನ ದಾಸೋಹದ ಒಲೆ ಆರದಿರಲಿ, ಹಸಿದವರ ಎಲೆ ಬರಿದಾಗದಿರಲಿ. ಎಲ್ಲರಿಗೂ ಮಂಗಳವಾಗಲಿ.